ಕೈಬರಹದ ಪುಸ್ತಕ ಮುಚ್ಚಿಸುವ ಮುನ್ನ: ಕೊಡಗಿನ ಸಹಕಾರ ಸಂಘಗಳ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಅಧ್ಯಕ್ಷರಿಗೆ, ನಿರ್ದೇಶಕರಿಗೆ ಹಾಗೂ ಸಂಘಗಳ ಗಣಕೀಕರಣದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಮಡಿಕೇರಿ ತಾಲ್ಲೂಕಿನ ಒಂದು ಸಹಕಾರ ಸಂಘಕ್ಕೆ 1987ರಲ್ಲಿ ಗುಮಾಸ್ತನಾಗಿ ಸೇರಿ, ಆಮೇಲೆ ಲೆಕ್ಕಿಗನಾಗಿ, ಕೊನೆಯ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿ ದುಡಿದು 2021ರಲ್ಲಿ ನಿವೃತ್ತನಾದವನು. ಈಗ ಅದೇ ಸಂಘದ ಸಾಮಾನ್ಯ ಸದಸ್ಯ. ಗೊಬ್ಬರಕ್ಕೂ ಬೆಳೆ ಸಾಲದ ನವೀಕರಣಕ್ಕೂ ಎಲ್ಲರಂತೆ ಸರದಿಯಲ್ಲಿ ನಿಲ್ಲುತ್ತೇನೆ. ಕಳೆದ ತಿಂಗಳು ಹಾಗೆ ನಿಂತಿದ್ದಾಗ ಕಂಡದ್ದೇ ಈ ಪತ್ರಕ್ಕೆ ಕಾರಣ. ಕೌಂಟರಿನಲ್ಲಿದ್ದ ಸಿಬ್ಬಂದಿ ನನ್ನ ಹಣ ಪಡೆದು, ಕಂಪ್ಯೂಟರಿನಿಂದ ರಸೀದಿ ತೆಗೆದುಕೊಟ್ಟು, ನಾನು ಸರಿದ ಮೇಲೆ ಮೇಜಿನ ಖಾನೆಯಿಂದ ನೂರು ಪುಟದ ಒಂದು ನೋಟ್‌ಬುಕ್ ಎಳೆದು ಅದೇ ವಿವರವನ್ನು ಅದರಲ್ಲಿಯೂ ಬರೆದುಕೊಂಡರು. ಒಳಗಿನ ಕೋಣೆಯ ಬಾಗಿಲು ತೆರೆದ ಸದ್ದಾಗುತ್ತಲೇ ಅದನ್ನು ಮುಚ್ಚಿ ಖಾನೆಗೆ ತಳ್ಳಿದರು. ವಿಚಾರಿಸಿದಾಗ, ಕೈಬರಹದ ಪುಸ್ತಕ ಇನ್ನು ಬೇಡ, ಎರಡೆರಡು ಕಡೆ ಬರೆಯುವ ಹಳೆಯ ಚಾಳಿ ಬಿಡದವರ ಮೇಲೆ ಕ್ರಮ ಕೈಗೊಳ್ಳಬೇಕಾಗುತ್ತದೆ ಎಂದು ಸಭೆಯೊಂದರಲ್ಲಿ ಹೇಳಿದ್ದಾರೆಂದು ತಿಳಿಯಿತು. ಜಿಲ್ಲೆಯ ಬೇರೆ ಸಂಘಗಳಲ್ಲಿರುವ ನನ್ನ ಹಳೆಯ ಜೊತೆಗಾರರನ್ನು ಕೇಳಿದೆ. ಅವರಲ್ಲಿ ಹೆಚ್ಚಿನವರ ಖಾನೆಯಲ್ಲೂ ಅಂಥದ್ದೊಂದು ನೋಟ್‌ಬುಕ್ ಇದೆ.

ಆ ನೋಟ್‌ಬುಕ್ಕನ್ನು ಕಿತ್ತುಕೊಳ್ಳುವ ಮೊದಲು ದಯವಿಟ್ಟು ಓದಿ ನೋಡಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಕಂಪ್ಯೂಟರಿನ ವಿರೋಧಿಯಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಮಾರ್ಚ್ ಕೊನೆಯಲ್ಲಿ ಅಷ್ಟೂ ಸದಸ್ಯರ ಬಡ್ಡಿಯನ್ನು ಕೈಯಲ್ಲಿ ಲೆಕ್ಕ ಹಾಕಿ, ಅಢಾವೆ ಪತ್ರಿಕೆ ತಾಳೆಯಾಗದೆ, ಎಂಟಾಣೆಯ ವ್ಯತ್ಯಾಸ ಹುಡುಕುತ್ತ ರಾತ್ರಿ ಹತ್ತರವರೆಗೆ ಕೂತ ವರ್ಷಗಳನ್ನು ನಾನು ಕಂಡಿದ್ದೇನೆ. ಕೈಬರಹದ ಪುಸ್ತಕದಲ್ಲಿ ಒಂದು ಅಂಕಿ ತಿದ್ದುವುದು ಎಷ್ಟು ಸುಲಭ, ಅದನ್ನು ಕಂಡುಹಿಡಿಯುವುದು ಎಷ್ಟು ಕಷ್ಟ ಎಂಬುದೂ ಗೊತ್ತಿದೆ. ಸಂಘದ ಲೆಕ್ಕ ಕಂಪ್ಯೂಟರಿಗೆ ಬರಬೇಕು. ಅದು ಹೇಗೆ ಬರುತ್ತದೆ, ಬಂದ ಮೇಲೆ ತಪ್ಪಿನ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದಷ್ಟೇ ನನ್ನ ತಕರಾರು. ಅದಕ್ಕೆ ನನ್ನ ಕೈಯಿಂದಲೇ ಆದ ಒಂದು ಅನ್ಯಾಯವನ್ನು ಇಲ್ಲಿ ಹೇಳಬೇಕಾಗಿದೆ.

2012ರ ಜನವರಿಯಲ್ಲಿ ನಮ್ಮ ಸಂಘ ಒಂದು ಖಾಸಗಿ ಸಂಸ್ಥೆಯ ತಂತ್ರಾಂಶ ಕೊಂಡಿತು. ಕಾಫಿ ಕುಯ್ಲಿನ ಸಮಯ. ಸದಸ್ಯರು ತೋಟದಲ್ಲಿದ್ದರು, ನಿರ್ದೇಶಕರೂ ತೋಟದಲ್ಲಿದ್ದರು, ನಮ್ಮಲ್ಲಿ ಅರ್ಧ ಸಿಬ್ಬಂದಿ ರಜೆಯಲ್ಲಿದ್ದರು. ಹೊರಗಿನಿಂದ ಬಂದ ಇಬ್ಬರು ಯುವಕರು ಹತ್ತು ದಿನ ಕೂತು ಲೆಡ್ಜರುಗಳಲ್ಲಿದ್ದ ಬಾಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ನಮ್ಮ ಲೆಡ್ಜರಿನಲ್ಲಿ ಒಂದೇ ಒಕ್ಕದ, ಅಂದರೆ ಒಂದೇ ಮನೆತನದ, ಒಂದೇ ಹೆಸರಿನ ಇಬ್ಬರು ಸದಸ್ಯರಿದ್ದರು. ಗುರುತಿಗೆಂದು ಒಬ್ಬರ ಹೆಸರಿನ ಮುಂದೆ ‘ಮೇಲಿನ ಮನೆ’ ಎಂದೂ ಇನ್ನೊಬ್ಬರ ಹೆಸರಿನ ಮುಂದೆ ‘ಕೆಳಗಿನ ಮನೆ’ ಎಂದೂ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆವು. ಊರಿನ ಪರಿಚಯವಿಲ್ಲದ ಆ ಯುವಕರಿಗೆ ಪೆನ್ಸಿಲಿನ ಗುರುತು ಅರ್ಥವಾಗಲಿಲ್ಲ. ಮೇಲಿನ ಮನೆಯವರ 18,460 ರೂಪಾಯಿ ಠೇವಣಿ ಇಬ್ಬರ ಹೆಸರಿನಲ್ಲೂ ಏರಿತು. ಸಂಘ ಕೊಡಬೇಕಾದ ಮೊತ್ತ ಹಾಗೆ ಹೆಚ್ಚಾದಾಗ ಎರಡು ಕಡೆಯ ಮೊತ್ತ ತಾಳೆಯಾಗಲಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕುವ ಬದಲು ಅವರು ಆ ವ್ಯತ್ಯಾಸವನ್ನು ಕೈಯಲ್ಲಿರುವ ನಗದಿಗೆ ಸೇರಿಸಿ ತಾಳೆ ಮಾಡಿ ಹೋದರು. ಅಂದರೆ ಸೇಫಿನಲ್ಲಿ ಎಂದೂ ಇರದಿದ್ದ 18,460 ರೂಪಾಯಿ, ಇರಲೇಬೇಕು ಎಂದು ಕಂಪ್ಯೂಟರು ಹೇಳತೊಡಗಿತು.

ನಗದು ಕೌಂಟರಿನಲ್ಲಿ ಆಗ ಒಬ್ಬ ಹುಡುಗಿ ಇದ್ದಳು. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದು, ಬಿ.ಕಾಂ. ಮುಗಿಸಿ, ನಮ್ಮಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಫೆಬ್ರವರಿ 1ರಿಂದ ಕೈಬರಹದ ನಗದು ಪುಸ್ತಕ ನಿಲ್ಲಿಸಲಾಗಿತ್ತು. ಮೊದಲ ದಿನವೇ ಆಕೆ ಬಂದು, ಹಣ ಕಡಿಮೆ ತೋರಿಸುತ್ತಿದೆ ಎಂದು ನನಗೆ ಹೇಳಿದಳು. ತಂತ್ರಾಂಶದವರಿಗೆ ಫೋನ್ ಮಾಡಿದೆ. ಹೊಸದರಲ್ಲಿ ಹಾಗೆಯೇ, ಮುಂದೆ ಹೊಂದಿಕೊಳ್ಳುತ್ತದೆ ಎಂದರು. ಆಕೆ ತನ್ನ ದುಡ್ಡಿನಿಂದ ಒಂದು ನೋಟ್‌ಬುಕ್ ಕೊಂಡು ದಿನದ ಜಮಾ ಖರ್ಚನ್ನು ಬರೆದಿಡತೊಡಗಿದಳು. ಸೇಫಿನಲ್ಲಿದ್ದ ಹಣ ಆ ನೋಟ್‌ಬುಕ್ಕಿಗೆ ರೂಪಾಯಿಗೆ ರೂಪಾಯಿ ತಾಳೆಯಾಗುತ್ತಿತ್ತು. ಮಾರ್ಚ್ 31ರಂದು ನಗದು ಎಣಿಸಿದಾಗ ಕೊರತೆ ಅಧಿಕೃತವಾಯಿತು. ನೋಟ್‌ಬುಕ್ ತೋರಿಸಿದಳು. ಅದು ಸಂಘದ ಪುಸ್ತಕವಲ್ಲ, ಅದರಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು ಎಂದು ಹೇಳಲಾಯಿತು. ಕೊರತೆಯನ್ನು ಒಂದು ವಾರದಲ್ಲಿ ಭರಿಸಬೇಕೆಂಬ ನೋಟಿಸಿಗೆ ಕಾರ್ಯದರ್ಶಿಯಾಗಿ ಸಹಿ ಹಾಕಿದವನು ನಾನು. ತಾಯಿಯ ಬಳೆಗಳನ್ನು ನಮ್ಮದೇ ಸಂಘದಲ್ಲಿ ಅಡವಿಟ್ಟು ಆಕೆ ಹಣ ಕಟ್ಟಿದಳು.

ಜುಲೈಯಲ್ಲಿ ಕೆಳಗಿನ ಮನೆಯವರು ಪಾಸ್ ಪುಸ್ತಕ ಬರೆಸಲು ಬಂದು, ತಾನು ಇಡದ ಠೇವಣಿ ತನ್ನ ಹೆಸರಿನಲ್ಲಿ ಹೇಗೆ ಬಂತೆಂದು ಕೇಳಿದರು. ಅವರು ಪ್ರಾಮಾಣಿಕರಾದ್ದರಿಂದ ಸತ್ಯ ಹೊರಬಿತ್ತು. ಕೊರತೆ ಮೊದಲ ದಿನದ ಬೆಳಿಗ್ಗೆಯೇ ಇತ್ತು, ಎರಡು ತಿಂಗಳಲ್ಲಿ ಅದು ಒಂದು ರೂಪಾಯಿಯೂ ಹೆಚ್ಚು ಕಡಿಮೆಯಾಗಿರಲಿಲ್ಲ. ಆದ್ದರಿಂದ ಅದು ಕೌಂಟರಿನಲ್ಲಿ ಹುಟ್ಟಿದ್ದಲ್ಲ, ಪುಸ್ತಕದಿಂದ ಕಂಪ್ಯೂಟರಿಗೆ ಏರುವಾಗ ಹುಟ್ಟಿದ್ದು ಎಂಬುದು ಇಪ್ಪತ್ತೈದು ವರ್ಷ ಲೆಕ್ಕ ಬರೆದಿದ್ದ ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಪರದೆಯ ಮೇಲೆ ಬಂದ ಅಂಕಿಯನ್ನು ನಾನು ಪ್ರಶ್ನಿಸಲಿಲ್ಲ. ಎದುರಿಗೆ ನಿಂತ ಮನುಷ್ಯಳನ್ನು ಪ್ರಶ್ನಿಸಿದೆ. ಆಗಸ್ಟಿನ ಸಭೆಯಲ್ಲಿ ಹಣ ಹಿಂದಿರುಗಿಸಿದೆವು. ಅದನ್ನು ಪಡೆದ ವಾರದಲ್ಲೇ ಆಕೆ ಕೆಲಸ ಬಿಟ್ಟಳು.

ಇದು ಒಂದು ಸಣ್ಣ ಸಂಘದಲ್ಲಿ, ಅನುಭವವಿಲ್ಲದ ಕಾಲದಲ್ಲಿ ಆದ ತಪ್ಪು ಎಂದು ತಾವು ಹೇಳಬಹುದು. ಆದರೆ ದೊಡ್ಡ ಸಂಸ್ಥೆಯಲ್ಲೂ ಹೀಗೆಯೇ ಆಗಿದೆ. ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆ 1999ರಿಂದ ತನ್ನ ಶಾಖೆಗಳಲ್ಲಿ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶವನ್ನು ಜಾರಿಗೆ ತಂದಿತು. ಅದನ್ನು ಮಾಡಿಕೊಟ್ಟದ್ದು ಹೆಸರಾಂತ ಫುಜಿತ್ಸು ಕಂಪನಿ. ಹಳ್ಳಿಯ ಸಣ್ಣ ಅಂಚೆ ಶಾಖೆಗಳನ್ನು ನಡೆಸುತ್ತಿದ್ದವರ ಲೆಕ್ಕದಲ್ಲಿ ಇಲ್ಲದ ಕೊರತೆಗಳನ್ನು ಆ ತಂತ್ರಾಂಶ ತೋರಿಸಿತು. ಎಷ್ಟೋ ಮಂದಿ ಕೈಯಿಂದ ಹಣ ಕಟ್ಟಿದರು, ಮನೆ ಮಾರಿದರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೊಳಗಾದರು, ಕೆಲವರು ಜೈಲಿಗೂ ಹೋದರು. ಸಹಾಯಕ್ಕೆಂದು ಫೋನ್ ಮಾಡಿದವರಲ್ಲಿ ಅನೇಕರಿಗೆ, ಇಂಥ ತೊಂದರೆ ನಿಮಗೊಬ್ಬರಿಗೇ ಆಗಿರುವುದು ಎಂಬ ಉತ್ತರ ಸಿಕ್ಕಿತು. ಶಾಖೆಯ ಲೆಕ್ಕವನ್ನು ಕಂಪನಿಯವರು ದೂರದಲ್ಲಿ ಕೂತೇ ಬದಲಿಸಲು ಸಾಧ್ಯವಿತ್ತು ಎಂಬ ವಿಷಯ ಬಹಳ ಕಾಲ ಹೊರಗೆ ಬರಲಿಲ್ಲ. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟದ್ದು 2019ರ ಡಿಸೆಂಬರಿನಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು ಸಂಸತ್ತು 2024ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಯಲ್ಲಿ, ಅಷ್ಟು ದೊಡ್ಡ ಕಂಪನಿಯ ಕೈಯಲ್ಲಿ ಇಪ್ಪತ್ತು ವರ್ಷ ನಡೆದದ್ದು, ನಮ್ಮಲ್ಲಿ ಆ ಹುಡುಗಿಗೆ ಆರು ತಿಂಗಳಲ್ಲಿ ಆದದ್ದೇ.

ಹೀಗಿರುವಾಗ ಖಾನೆಯೊಳಗಿನ ನೋಟ್‌ಬುಕ್ಕನ್ನು ಹಳೆಯ ಚಾಳಿ ಎಂದು ಕರೆಯುವುದು ನ್ಯಾಯವಲ್ಲ. ಕಂಪ್ಯೂಟರ್ ವಿಷಯದ ಅಧ್ಯಾಪಕಿಯಾಗಿರುವ ನನ್ನ ಮಗಳು ಹೇಳಿದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಕಚೇರಿಗಳಲ್ಲಿ ಜನ ಕಂಪ್ಯೂಟರನ್ನು ಏಕೆ ಬಳಸುತ್ತಾರೆ, ಏಕೆ ಬಳಸುವುದಿಲ್ಲ ಎಂಬುದನ್ನು ಅಮೆರಿಕದ ಫ್ರೆಡ್ ಡೇವಿಸ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 1989ರಲ್ಲಿ ಪ್ರಕಟಿಸಿದರು. ಅದು ತಮ್ಮ ಕೆಲಸಕ್ಕೆ ಉಪಯೋಗಕ್ಕೆ ಬರುತ್ತದೆ ಎಂಬ ನಂಬಿಕೆ, ಅದನ್ನು ಬಳಸುವುದು ಸುಲಭ ಎಂಬ ನಂಬಿಕೆ, ಇವೆರಡೂ ಮುಖ್ಯವೆಂದೂ, ಎರಡರಲ್ಲಿ ಮೊದಲನೆಯದರ ತೂಕವೇ ಹೆಚ್ಚೆಂದೂ ಅವರು ಕಂಡುಕೊಂಡರಂತೆ. ನಮ್ಮ ತರಬೇತಿಗಳೆಲ್ಲ ಎರಡನೆಯದರ ಬೆನ್ನು ಹತ್ತಿವೆ: ಯಾವ ಗುಂಡಿ ಒತ್ತಬೇಕು, ಯಾವ ಪಟ್ಟಿ ತೆರೆಯಬೇಕು. ಕೌಂಟರಿನಲ್ಲಿ ಕೂತವರಿಗೆ ಗುಂಡಿ ಒತ್ತಲು ಬರುತ್ತದೆ. ತಮ್ಮ ಎದುರಿಗೆ ಬರುವ ಕೆಲಸ ಆ ಪರದೆಯಲ್ಲಿ ಹಿಡಿಸುವುದಿಲ್ಲ, ಹಿಡಿಸದ್ದನ್ನೆಲ್ಲ ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.

ಹಿಡಿಸದ್ದು ಏನೆಂಬುದಕ್ಕೆ ಹೆಸರಿನ ವಿಷಯವನ್ನೇ ನೋಡಿ. ನಮ್ಮಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಆಧಾರಿನಲ್ಲಿ ಮನೆತನದ ಹೆಸರು ಒಂದಕ್ಷರದ ಇನಿಷಿಯಲ್ ಆಗಿದೆ, ಪಹಣಿಯಲ್ಲಿ ಪೂರ್ತಿಯಾಗಿದೆ, ಸಂಘದ ಷೇರು ಖಾತೆಯಲ್ಲಿ ಬೇರೊಂದು ಕಾಗುಣಿತದಲ್ಲಿದೆ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಒಂದು ದಾಖಲೆಯಲ್ಲಿ ತವರಿನ ಮನೆ ಹೆಸರಿದ್ದರೆ ಇನ್ನೊಂದರಲ್ಲಿ ಗಂಡನ ಮನೆಯದು. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಹಣಿಗಳಲ್ಲಂತೂ ತೀರಿಹೋದ ಹಿರಿಯರ ಹೆಸರೇ ಪಟ್ಟೇದಾರರಾಗಿ ನಿಂತು, ಒಕ್ಕದ ಹತ್ತಾರು ಮಂದಿಯ ಹೆಸರು ಜಂಟಿಯಾಗಿ ಸಾಲಾಗಿರುವುದು ತಮಗೆಲ್ಲ ಗೊತ್ತಿರುವ ಸಂಗತಿ. ಅದರಲ್ಲಿ ಯಾರು ಎಷ್ಟು ಜಾಗದಲ್ಲಿ ಕೃಷಿ ಮಾಡುತ್ತಿದ್ದಾರೆ, ಯಾರ ಸಾಲಕ್ಕೆ ಒಕ್ಕದ ಯಾರು ಒಪ್ಪಿಗೆ ಕೊಟ್ಟಿದ್ದಾರೆ ಎಂಬುದು ಸಂಘದ ಗುಮಾಸ್ತರಿಗೆ ಗೊತ್ತು, ನೋಟ್‌ಬುಕ್ಕಿಗೆ ಗೊತ್ತು. ಒಬ್ಬ ಮಾಲೀಕ, ಒಂದು ಸರ್ವೆ ನಂಬರು, ಇಷ್ಟು ಎಕರೆ ಎಂದು ಕೇಳುವ ಪರದೆಗೆ ಅದನ್ನು ತಿಳಿಸಲು ಜಾಗವೇ ಇಲ್ಲ.

ಗೊಬ್ಬರದ ವಿಷಯವೂ ಇಂಥದ್ದೇ. 2018ರ ಮಾರ್ಚ್ ವೇಳೆಗೆ ದೇಶದೆಲ್ಲೆಡೆ ರಿಯಾಯಿತಿಯ ರಸಗೊಬ್ಬರವನ್ನು ಬಿಲ್ಲು ಮಾಡುವ ಪಿಒಎಸ್ ಯಂತ್ರದ ಮೂಲಕ, ಖರೀದಿದಾರರ ಗುರುತು ಖಚಿತಪಡಿಸಿಕೊಂಡು ಮಾರುವ ವ್ಯವಸ್ಥೆ ಬಂತು. ಕಾಫಿ ಕುಯ್ದು, ಕಸಿ ಮಾಡಿ, ಚರ್ಮ ಸವೆದ ಬೆರಳನ್ನು ಯಂತ್ರ ನಾಲ್ಕು ಸಲ ಒತ್ತಿದರೂ ಗುರುತಿಸುವುದಿಲ್ಲ. ಮಳೆಗಾಲದಲ್ಲಿ ಕೈ ಮರಗಟ್ಟಿದ್ದರೆ ಕೇಳುವುದೇ ಬೇಡ. ಜೀಪಿನ ಬಾಡಿಗೆ ಕೊಟ್ಟು ಬಂದವರನ್ನು ಬರಿಗೈಯಲ್ಲಿ ಕಳಿಸಲಾಗದೆ ಮನೆಯ ಇನ್ನೊಬ್ಬರ ಬೆರಳಿನ ಮೇಲೆ ಬಿಲ್ಲು ಮಾಡಿ, ಗೊಬ್ಬರ ನಿಜವಾಗಿ ಯಾರಿಗೆ ಹೋಯಿತೆಂದು ಸಿಬ್ಬಂದಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ.

ಇನ್ನು ಮಳೆ, ಕರೆಂಟು. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲು, ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ, ಯುಪಿಎಸ್ ಎರಡು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಪರಿಹಾರ ಕೇಂದ್ರ ಸೇರಿದ್ದ ನಮ್ಮ ಸದಸ್ಯರು ಉಟ್ಟ ಬಟ್ಟೆಯಲ್ಲಿ ಸಂಘಕ್ಕೆ ಬಂದು, ತಮ್ಮ ಉಳಿತಾಯದಲ್ಲಿ ಎರಡು ಸಾವಿರ, ಮೂರು ಸಾವಿರ ಕೊಡಿ ಎಂದು ಕೇಳಿದರು. ಪಾಸ್ ಪುಸ್ತಕ ಮನೆಯ ಜೊತೆ ಮಣ್ಣಿನಡಿ ಹೋಗಿತ್ತು. ಆರು ದಿನ ಕರೆಂಟಿರಲಿಲ್ಲ. 2012ರ ಪಾಠ ಕಲಿತು ನಾವು ಬಿಡದೆ ಇಟ್ಟುಕೊಂಡು ಬಂದಿದ್ದ ಲೆಡ್ಜರನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಬಿಚ್ಚಿ, ಬಾಕಿ ನೋಡಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಟ್ಟೆವು. ಆಮೇಲೆ ಕಂಪ್ಯೂಟರಿಗೆ ಏರಿಸಿದಾಗ ಒಂದು ರೂಪಾಯಿಯೂ ತಪ್ಪಿರಲಿಲ್ಲ. ಆ ಲೆಡ್ಜರ್ ಅಂದೂ ನಿಯಮದ ಪ್ರಕಾರ ಇರಬಾರದ ಪುಸ್ತಕವೇ ಆಗಿತ್ತು.

ಇದಕ್ಕೆ ಎದುರಾಗಿ ಒಂದು ಮಾತು ಬರುತ್ತದೆಂದು ನನಗೆ ಗೊತ್ತಿದೆ, ಅದರಲ್ಲಿ ಹುರುಳೂ ಇದೆ. ಕೈಬರಹದ ಪಹಣಿಯನ್ನು ಖಡಾಖಂಡಿತವಾಗಿ ನಿಲ್ಲಿಸಿದ್ದರಿಂದಲೇ ನಮ್ಮ ರಾಜ್ಯದಲ್ಲಿ ‘ಭೂಮಿ’ ಯೋಜನೆ ಯಶಸ್ವಿಯಾಯಿತು, ಎರಡೂ ಇರಲಿ ಎಂದಿದ್ದರೆ ಕಂಪ್ಯೂಟರ್ ಮೂಲೆಯಲ್ಲಿ ಧೂಳು ಹಿಡಿಯುತ್ತಿತ್ತು ಎನ್ನುತ್ತಾರೆ. ನಿಜ. ಸುಮಾರು 67 ಲಕ್ಷ ಭೂ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಆ ಕೆಲಸ ಸಾಮಾನ್ಯವಲ್ಲ. ಆದರೆ ಅಲ್ಲಿ ಪೆನ್ನು ಕೆಳಗಿಡಿಸುವ ಮೊದಲು ಕಂಪ್ಯೂಟರಿಗೆ ಏರಿದ್ದನ್ನು ಗ್ರಾಮ ಲೆಕ್ಕಿಗರ ಕೈಯಲ್ಲಿ ಮೂಲ ಪುಸ್ತಕದೊಡನೆ ತಾಳೆ ನೋಡಿಸುವ ಕೆಲಸ ನಡೆಯಿತು. ಸಂಘಗಳಲ್ಲಿ ಈಗ ಕೇಳಿಬರುತ್ತಿರುವುದು ಪುಸ್ತಕ ನಿಲ್ಲಿಸಿ ಎಂಬ ಅರ್ಧ ಭಾಗ ಮಾತ್ರ. ಅಲ್ಲದೆ, ಅಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಜಮ್ಮಾ ಪಹಣಿಗಳ ಗೋಜಲು ಗೋಜಲಾಗಿಯೇ ಕಂಪ್ಯೂಟರಿಗೆ ಏರಿತು, ಅದನ್ನು ಬಿಡಿಸಲು ನಮ್ಮವರು ಇಂದಿಗೂ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾರೆ.

ಈಗ ದೇಶದ ಸಂಘಗಳೆಲ್ಲ ಒಂದೇ ತಂತ್ರಾಂಶಕ್ಕೆ ಸೇರುವ ಕಾಲ. 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು ಒಪ್ಪಿತು. ತಂತ್ರಾಂಶ ಪ್ರಾದೇಶಿಕ ಭಾಷೆಯಲ್ಲಿರುತ್ತದೆ, ರಾಜ್ಯಗಳ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಲು ಅವಕಾಶವಿರುತ್ತದೆ ಎಂದು ಅಂದೇ ತಿಳಿಸಲಾಗಿತ್ತು. ನಾನು ಕೇಳುತ್ತಿರುವುದು ಆ ಮಾತಿನ ಆಚೆಗೆ ಹೆಚ್ಚೇನೂ ಹೋಗುವುದಿಲ್ಲ. ಮಾರ್ಪಾಡು ಏನಾಗಬೇಕು ಎಂದು ರಾಜ್ಯಕ್ಕೆ ಬರೆಯುವ ಮೊದಲು ಜಿಲ್ಲೆಯ ಸಂಘಗಳ ಕೌಂಟರುಗಳಲ್ಲಿರುವ ನೋಟ್‌ಬುಕ್ಕುಗಳನ್ನು, ಬರೆದವರಿಗೆ ಯಾವ ಭಯವೂ ಇಲ್ಲದ ಹಾಗೆ, ತರಿಸಿಕೊಂಡು ಓದಬೇಕು. ಮನೆತನದ ಹೆಸರಿಗೆ, ಜಂಟಿ ಪಹಣಿಗೆ, ಒಕ್ಕದ ಒಪ್ಪಿಗೆಗೆ ಪರದೆಯಲ್ಲಿ ಎಲ್ಲೆಲ್ಲಿ ಜಾಗ ಬೇಕೆಂಬುದಕ್ಕೆ ಅವಕ್ಕಿಂತ ಒಳ್ಳೆಯ ಪಟ್ಟಿ ಯಾವ ಸಲಹೆಗಾರರಿಂದಲೂ ಸಿಗಲಾರದು.

ಹಳೆಯ ಬಾಕಿಗಳನ್ನು ಹೊಸ ತಂತ್ರಾಂಶಕ್ಕೆ ಏರಿಸಿದ ಮೇಲೆ ಪ್ರತಿ ಸದಸ್ಯರ ಷೇರು, ಠೇವಣಿ, ಸಾಲದ ಮೊತ್ತವನ್ನು ಕನ್ನಡದಲ್ಲಿ ಮುದ್ರಿಸಿ ಅವರ ಕೈಗೆ ಕೊಟ್ಟು, ಸರಿಯಿದೆ ಎಂಬ ಸಹಿ ಪಡೆಯಬೇಕು. ಸೆಪ್ಟೆಂಬರಿನ ಮಹಾಸಭೆಗೆ ಹೇಗೂ ಸದಸ್ಯರು ಬರುತ್ತಾರೆ, ಬಾರದವರ ಮನೆಗೆ ಪಿಗ್ಮಿ ಸಂಗ್ರಹಿಸುವವರು ಹೋಗುತ್ತಾರೆ. ಕೆಳಗಿನ ಮನೆಯವರು ಪಾಸ್ ಪುಸ್ತಕ ನೋಡಿ ಕೇಳಿದ ಪ್ರಶ್ನೆಯನ್ನು ಎಲ್ಲ ಸದಸ್ಯರೂ ಮೊದಲ ತಿಂಗಳಲ್ಲೇ ಕೇಳುವಂತಾಗಬೇಕು. ಅದು ಮುಗಿದು, ಒಂದು ಪೂರ್ತಿ ಮಳೆಗಾಲವೂ ಕಳೆಯುವವರೆಗೆ ಕೈಬರಹದ ಪುಸ್ತಕವನ್ನು ಅಧಿಕೃತವಾಗಿಯೇ ಇಡಲು ಅನುಮತಿ ಕೊಡಿ. ಎರಡು ಕಡೆ ಬರೆಯುವುದು ದುಪ್ಪಟ್ಟು ಕೆಲಸ, ಅದಕ್ಕೆ ಒಬ್ಬ ಹೆಚ್ಚುವರಿ ಸಹಾಯಕರನ್ನೋ ಹೆಚ್ಚುವರಿ ಭತ್ಯೆಯನ್ನೋ ಕೊಡಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಕುಯ್ಲು ಮತ್ತು ಸಾಲ ವಸೂಲಿಯ ತಿಂಗಳುಗಳಲ್ಲಿ, ಯಾವ ಸಂಘದ ಲೆಕ್ಕವನ್ನೂ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಬೇಡಿ. ತರಬೇತಿಯನ್ನು ಮೈಸೂರಿನ ಸಭಾಂಗಣದಲ್ಲಿ ಎರಡು ದಿನ ನಡೆಸುವ ಬದಲು, ತಿಳಿದವರೊಬ್ಬರು ಒಂದು ವಾರ ಸಂಘದ ಕೌಂಟರಿನ ಪಕ್ಕದಲ್ಲಿ ಕೂತು, ಬಂದ ಸದಸ್ಯರ ಕೆಲಸವನ್ನೇ ಮಾಡುತ್ತ ಕಲಿಸಲಿ. ಆ ಒಂದು ವಾರದಲ್ಲಿ ಕಲಿಸಲು ಬಂದವರೂ ಸಾಕಷ್ಟು ಕಲಿಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಕೋರಿಕೆ ಇದು. ಕಂಪ್ಯೂಟರ್ ತೋರಿಸಿದ ಯಾವುದೇ ಕೊರತೆಯನ್ನು, ಸಂಘಕ್ಕೂ ತಂತ್ರಾಂಶದವರಿಗೂ ಸಂಬಂಧವಿಲ್ಲದ ಒಬ್ಬ ಲೆಕ್ಕಿಗರು ಮೂಲ ದಾಖಲೆಗಳೊಡನೆ ತಾಳೆ ನೋಡುವವರೆಗೆ ಸಿಬ್ಬಂದಿಯಿಂದ ವಸೂಲು ಮಾಡಬಾರದು, ನೋಟಿಸನ್ನೂ ಕೊಡಬಾರದು ಎಂದು ಲಿಖಿತ ಆದೇಶವಾಗಬೇಕು. ಯಾವ ನಮೂದನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಕೂತು ಮಾಡಿದರು ಎಂಬ ವಿವರವನ್ನು ಆರೋಪಕ್ಕೊಳಗಾದ ಸಿಬ್ಬಂದಿ ಕೇಳಿದರೆ ಮುದ್ರಿಸಿ ಕೊಡಲೇಬೇಕು. ತಾತ್ಕಾಲಿಕ ನೌಕರರಿಗೂ ಈ ಹಕ್ಕು ಇರಬೇಕು. ನಗದು ಕೌಂಟರಿನಲ್ಲಿ ಕೂರುವವರಲ್ಲಿ ಹೆಚ್ಚಿನವರು ಅವರೇ.

2012ರ ಆ ನೋಟ್‌ಬುಕ್ ನನ್ನ ಬಳಿ ಇದೆ. ಕೆಲಸ ಬಿಡುವ ದಿನ ಆಕೆ ಅದನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಫೆಬ್ರವರಿ 1ರಿಂದ ಮಾರ್ಚ್ 31ರವರೆಗಿನ ಪ್ರತಿ ದಿನದ ಪ್ರಾರಂಭದ ಶಿಲ್ಕು, ಜಮಾ, ಖರ್ಚು, ಅಂತ್ಯದ ಶಿಲ್ಕು ನೀಲಿ ಶಾಯಿಯಲ್ಲಿ ಅದರಲ್ಲಿದೆ. ತಾವು ಸಭೆ ಕರೆದರೆ ಅದನ್ನು ತಂದು ತಮ್ಮ ಮುಂದಿಡುತ್ತೇನೆ. ಆ ನೋಟಿಸಿಗೆ ನಾನು ಸಹಿ ಹಾಕಿದ್ದು ಹೇಗೆ ಎಂದು ತಾವು ಕೇಳುವ ಪ್ರಶ್ನೆಗಳಿಗೂ ಉತ್ತರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಾರ್ಯದರ್ಶಿ ಹಾಗೂ ಹಾಲಿ ಸದಸ್ಯ
ಮಡಿಕೇರಿ ತಾಲ್ಲೂಕು, ಕೊಡಗು